ಮಾತು ಬಾರದ ಮಗುವಿನ ನೋವಿಗೂ ಅಳತೆ ಉಂಟು

ಆಪರೇಷನ್ ಮುಗಿಸಿ ವಾರ್ಡಿಗೆ ಬಂದ ಎರಡು ವರ್ಷದ ಮಗುವಿಗೆ ಎಷ್ಟು ನೋವಿದೆ ಎಂದು ನೇರವಾಗಿ ತೋರಿಸುವ ಉಪಕರಣ ಯಾವ ವಾರ್ಡಿನಲ್ಲೂ ಇಲ್ಲ. ಜ್ವರ ನೋಡಲು ಥರ್ಮಾಮೀಟರ್ ಉಂಟು, ರಕ್ತದೊತ್ತಡ ನೋಡಲು ತೋಳಿಗೆ ಕಟ್ಟುವ ಪಟ್ಟಿ ಉಂಟು. ನೋವಿಗೆ ಇರುವುದು ದಾದಿಯ ಕಣ್ಣು, ಆ ಕಣ್ಣು ಎಲ್ಲಿ ಏನನ್ನು ನೋಡಬೇಕೆಂದು ಹೇಳುವ ಒಂದು ಅಂಕದ ಪಟ್ಟಿ, ಮತ್ತು ಮಗುವನ್ನು ಹುಟ್ಟಿದಂದಿನಿಂದ ಬಲ್ಲ ತಾಯಿಯ ಮಾತು. ಈ ಮೂರನ್ನೂ ಸೇರಿಸಿ ದಾದಿ ಕೇಸ್ ಶೀಟಿನಲ್ಲಿ ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕ ಬರೆಯುತ್ತಾಳೆ. ಔಷಧ ಕೊಡಬೇಕೇ, ಯಾವುದು, ಎಷ್ಟು ಹೊತ್ತಿಗೆ, ವೈದ್ಯರನ್ನು ಕರೆಯಬೇಕೇ ಎಂಬುದೆಲ್ಲ ಬಹುಮಟ್ಟಿಗೆ ಆ ಅಂಕದ ಮೇಲೆ ನಿಂತಿದೆ.

ಮೈಸೂರಿನ ಪೂರ್ವ ಭಾಗದ ಉದಯಗಿರಿಯಂಥ ಬಡಾವಣೆಯಲ್ಲಿ ಚಿಕ್ಕ ಮಕ್ಕಳಿಗೆ ಆಗುವ ಆಪರೇಷನ್ನುಗಳು ಬೇರೆಡೆಯವಕ್ಕಿಂತ ಬೇರೆಯಲ್ಲ: ಹರ್ನಿಯಾ, ವೃಷಣ ಕೆಳಗಿಳಿಯದಿರುವುದು, ಟಾನ್ಸಿಲ್, ಅಪೆಂಡಿಕ್ಸ್, ಸೀಳುತುಟಿ, ಮೆಟ್ಟಿಲಿನಿಂದ ಬಿದ್ದು ಮುರಿದ ಮೊಣಕೈ, ಬಿಸಿನೀರು ಬಿದ್ದ ಸುಟ್ಟಗಾಯ. ಮುಸ್ಲಿಂ ಕುಟುಂಬಗಳು ಹೆಚ್ಚಿರುವ ಇಲ್ಲಿ ಖತ್ನಾವನ್ನೂ, ಅಂದರೆ ಸುನ್ನತಿಯನ್ನೂ, ಈ ಪಟ್ಟಿಗೆ ಸೇರಿಸಬೇಕು. ಹಿಂದೆ ಹಜಾಮರು ಮನೆಗೇ ಬಂದು ಮಾಡುತ್ತಿದ್ದುದನ್ನು ಈಗ ಅನೇಕರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಿಸಿ ಮಾಡಿಸುತ್ತಾರೆ. ಸರ್ಕಾರಿ ಚಿಕಿತ್ಸೆ ಬೇಕಾದವರಿಗೆ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ ಮತ್ತು ತಾಯಿ–ಮಕ್ಕಳ ಚೆಲುವಾಂಬ ಆಸ್ಪತ್ರೆ ಇವೆ; ಉಳಿದವರು ಖಾಸಗಿ ಆಸ್ಪತ್ರೆಗಳಿಗೆ ಹೋಗುತ್ತಾರೆ. ಎಲ್ಲಿ ಹೋದರೂ ಆಪರೇಷನ್ ಮಾಡಿದ ವೈದ್ಯರು ಹಾಸಿಗೆಯ ಬಳಿ ನಿಲ್ಲುವುದು ಕೆಲವೇ ನಿಮಿಷ. ರಾತ್ರಿಯಿಡೀ ಮಗುವಿನ ನರಳಾಟ ಕಿವಿಗೆ ಬೀಳುವುದು ಪಾಳಿಯಲ್ಲಿರುವ ಸಿಸ್ಟರ್‌ಗೆ.

ಚಿಕ್ಕ ಮಕ್ಕಳ ನೋವನ್ನು ಅಳೆಯಬೇಕು ಎಂಬ ವಿಚಾರವೇ ಹಳೆಯದಲ್ಲ. 1980ರ ದಶಕದವರೆಗೂ ಹಸುಗೂಸಿನ ನರಮಂಡಲ ಪೂರ್ತಿ ಬೆಳೆದಿರುವುದಿಲ್ಲ, ಆದ್ದರಿಂದ ಅದಕ್ಕೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ತಿಳಿದರೂ ನೆನಪಿರುವುದಿಲ್ಲ ಎಂದು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ನಂಬಿದ್ದರು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಸ್ನಾಯು ಸಡಿಲಿಸುವ ಔಷಧವನ್ನಷ್ಟೇ ಕೊಟ್ಟು, ನೋವು ತಡೆಯುವ ಔಷಧ ಕೊಡದೆ ಅಥವಾ ನೆಪಮಾತ್ರಕ್ಕೆ ಕೊಟ್ಟು ಎದೆ ತೆರೆದ ಉದಾಹರಣೆಗಳಿವೆ. ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಮುಖ್ಯರು ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜೀತ್ ಸಿಂಗ್ ಆನಂದ್. ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ ಅವಧಿಪೂರ್ವ ಶಿಶುಗಳ ಮೇಲಿನ ಅವರ ತಂಡದ ಅಧ್ಯಯನ 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಪಡೆದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದ್ದವು, ಆಪರೇಷನ್ ನಂತರದ ತೊಂದರೆಗಳೂ ಕಡಿಮೆಯಾಗಿದ್ದವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಬೇಕು ಎಂದು ಹೇಳಿತು. ಅಷ್ಟು ತಡವಾಗಿ ಹೇಳಬೇಕಾಗಿ ಬಂದದ್ದು ವೈದ್ಯಶಾಸ್ತ್ರಕ್ಕೆ ಹೆಮ್ಮೆಯ ಸಂಗತಿಯೇನಲ್ಲ.

ನೋವು ಇದೆ ಎಂದು ಒಪ್ಪಿದ ಮೇಲೆ ಎಷ್ಟಿದೆ ಎಂಬ ಪ್ರಶ್ನೆ ಎದ್ದಿತು. ಮುಂದಿನ ಹತ್ತು ವರ್ಷಗಳಲ್ಲಿ ಹಲವು ಮಾಪಕಗಳು ಹುಟ್ಟಿದವು. ಅವುಗಳಲ್ಲಿ ಇಂದು ಆಪರೇಷನ್ ಆದ ಚಿಕ್ಕ ಮಕ್ಕಳ ವಾರ್ಡುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಫ್ಲಾಕ್’. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಲ್ಲಿ ಸಾಂಡ್ರಾ ಮೆರ್ಕೆಲ್ ಮತ್ತು ಸಂಗಡಿಗರು ಇದನ್ನು ರೂಪಿಸಿ 1997ರಲ್ಲಿ ಪ್ರಕಟಿಸಿದರು. ಎರಡು ತಿಂಗಳಿನಿಂದ ಏಳು ವರ್ಷದವರೆಗಿನ ಮಕ್ಕಳಿಗೆ ಇದು ಹೊಂದುತ್ತದೆ. ನೋಡಬೇಕಾದದ್ದು ಐದು: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಬಗ್ಗುವ ಗುಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಎಲ್ಲ ಕೂಡಿದರೆ ಹೆಚ್ಚೆಂದರೆ ಹತ್ತು.

ಮುಖ ಸಹಜವಾಗಿದ್ದರೆ, ನಗುತ್ತಿದ್ದರೆ ಸೊನ್ನೆ. ಆಗಾಗ ಹುಬ್ಬು ಗಂಟಿಕ್ಕುತ್ತ, ಸುತ್ತಲಿನ ಯಾವುದರಲ್ಲೂ ಮನಸ್ಸಿಲ್ಲದಂತೆ ಇದ್ದರೆ ಒಂದು. ಗಲ್ಲ ನಡುಗುತ್ತಿದ್ದರೆ, ಹಲ್ಲು ಬಿಗಿಹಿಡಿದು ದವಡೆ ಗಟ್ಟಿಯಾಗಿದ್ದರೆ ಎರಡು. ಕಾಲು ಸಡಿಲವಾಗಿ ಬಿದ್ದಿದ್ದರೆ ಸೊನ್ನೆ, ಚಡಪಡಿಸುತ್ತಿದ್ದರೆ ಒಂದು, ಒದೆಯುತ್ತಿದ್ದರೆ ಅಥವಾ ಹೊಟ್ಟೆಗೆ ಎಳೆದುಕೊಂಡಿದ್ದರೆ ಎರಡು. ಮೈ ಆರಾಮವಾಗಿದ್ದು ಸಲೀಸಾಗಿ ಹೊರಳುವ ಮಗುವಿಗೆ ಸೊನ್ನೆ. ಹಾಸಿಗೆಯಲ್ಲಿ ಅತ್ತಿತ್ತ ತಿರುಚಾಡುವ ಮಗುವಿಗೆ ಒಂದು. ಬೆನ್ನು ಬಿಲ್ಲಿನಂತೆ ಬಾಗಿಸಿದ, ಮೈ ಸೆಟೆದ ಮಗುವಿಗೆ ಎರಡು. ಅಳು ಇಲ್ಲದಿದ್ದರೆ ಸೊನ್ನೆ, ಮುಲುಗಾಟ ಅಥವಾ ಆಗೊಮ್ಮೆ ಈಗೊಮ್ಮೆ ಕೊಸರಾಟ ಇದ್ದರೆ ಒಂದು, ಬಿಡದೆ ಅಳುತ್ತಿದ್ದರೆ ಅಥವಾ ಕಿರುಚುತ್ತಿದ್ದರೆ ಎರಡು. ಕೊನೆಯದನ್ನು ಸುಮ್ಮನೆ ನೋಡಿ ಹೇಳಲಾಗದು, ಏನಾದರೂ ಮಾಡಿ ನೋಡಬೇಕು: ಎತ್ತಿಕೊಂಡು ತಟ್ಟಿದರೆ, ಮಾತಾಡಿಸಿದರೆ, ಮೊಬೈಲಿನಲ್ಲಿ ಹಾಡು ಹಾಕಿದರೆ ಮಗು ಸುಮ್ಮನಾಗುವುದೇ? ಸಮಾಧಾನ ಮಾಡುವ ಅಗತ್ಯವೇ ಇಲ್ಲದಿದ್ದರೆ ಸೊನ್ನೆ, ಮಾಡಿದರೆ ಸುಮ್ಮನಾದರೆ ಒಂದು, ಏನು ಮಾಡಿದರೂ ಆಗದಿದ್ದರೆ ಎರಡು.

ಹರ್ನಿಯಾ ಆಪರೇಷನ್ ಆದ ಎರಡು ವರ್ಷದ ಮಗುವೊಂದನ್ನು ಊಹಿಸಿಕೊಳ್ಳಬಹುದು. ಹುಬ್ಬು ಆಗಾಗ ಗಂಟಿಕ್ಕುತ್ತಿದೆ, ಒಂದು, ಆಪರೇಷನ್ ಆದ ಕಡೆಯ ಕಾಲನ್ನು ಮೇಲೆಳೆದುಕೊಂಡೇ ಮಲಗಿದೆ, ಎರಡು, ಮಗ್ಗಲು ಬದಲಿಸುತ್ತ ಒದ್ದಾಡುತ್ತಿದೆ, ಒಂದು, ಮುಲುಗುತ್ತಿದೆ, ಒಂದು, ಅಮ್ಮ ತಲೆ ಸವರಿದರೆ ಕೊಂಚ ಹೊತ್ತು ಸುಮ್ಮನಾಗುತ್ತದೆ, ಒಂದು. ಒಟ್ಟು ಆರು. ಒಂದರಿಂದ ಮೂರು ಸಣ್ಣ ನೋವು, ನಾಲ್ಕರಿಂದ ಆರು ಮಧ್ಯಮ, ಏಳರಿಂದ ಮೇಲೆ ತೀವ್ರ ಎಂಬುದು ಬಳಕೆಯ ಲೆಕ್ಕ. ಸಾಮಾನ್ಯವಾಗಿ ನಾಲ್ಕು ದಾಟಿದರೆ ಔಷಧದ ಮಾತು ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಈ ಮಗು ಜೋರಾಗಿ ಅಳುತ್ತಲೇ ಇಲ್ಲ. ಅಳುವನ್ನಷ್ಟೇ ಕೇಳಿ ನೋವು ಅಂದಾಜು ಮಾಡುವವರ ಕಣ್ಣಿಗೆ ಇದು ‘ಪಾಪ, ತಂಟೆ ಮಾಡದ ಮಗು’.

ಅಂಕ ಹಾಕಲು ಹಾಸಿಗೆಯ ಪಕ್ಕದಲ್ಲಿ ಹಾದುಹೋಗುವಾಗ ಒಮ್ಮೆ ಇಣುಕಿದರೆ ಸಾಲದು. ಎಚ್ಚರವಾಗಿರುವ ಮಗುವನ್ನು ಒಂದೆರಡು ನಿಮಿಷ, ನಿದ್ದೆ ಮಾಡುತ್ತಿರುವ ಮಗುವನ್ನು ಐದು ನಿಮಿಷವಾದರೂ ನೋಡಬೇಕು. ಹೊದಿಕೆ ಸರಿಸಿ ಕಾಲು–ಹೊಟ್ಟೆ ಕಾಣುವಂತೆ ನೋಡಬೇಕು. ಮೈ ಮುಟ್ಟಿ ಬಿಗಿ ಇದೆಯೇ ತಿಳಿಯಬೇಕು. ಮಗು ಅಲುಗದೆ ಮಲಗಿದ್ದಾಗಿನ ಅಂಕ ಬೇರೆ, ಎತ್ತಿ ಕೂರಿಸಿದಾಗ, ಕೆಮ್ಮಿದಾಗ, ಡ್ರೆಸ್ಸಿಂಗ್ ಬದಲಿಸುವಾಗಿನ ಅಂಕ ಬೇರೆ. ಹೊಟ್ಟೆಯ ಆಪರೇಷನ್ ಆದ ಮಗು ಮಲಗಿದ್ದಷ್ಟು ಹೊತ್ತು ಆರಾಮವಾಗಿದ್ದು, ಉಸಿರು ಎಳೆದು ಕೆಮ್ಮಲು ಮಾತ್ರ ಹೆದರುತ್ತಿದ್ದರೆ ನೋವು ಹತೋಟಿಯಲ್ಲಿದೆ ಎನ್ನಲಾಗದು. ಅಂಥ ಮಗುವಿನ ಎದೆಯಲ್ಲಿ ಕಫ ನಿಂತು ತೊಂದರೆಯಾಗಬಹುದು.

ಅಳುವ ಮಗುವಿಗೆಲ್ಲ ನೋವೇ ಕಾರಣವಲ್ಲ ಎಂಬುದು ಈ ಕೆಲಸದ ನಿಜವಾದ ಕಷ್ಟ. ಆಪರೇಷನ್ನಿಗೆ ಮುಂಚೆ ಹಾಲು ಕುಡಿಸುವಂತಿಲ್ಲ; ಎದೆಹಾಲಿಗೆ ಕನಿಷ್ಠ ನಾಲ್ಕು ಗಂಟೆ, ಬೇರೆ ಹಾಲಿಗೆ ಆರು ಗಂಟೆ ಬಿಡುವು ಬೇಕು. ಸರದಿ ತಡವಾದರೆ ಉಪವಾಸ ಇನ್ನೂ ಉದ್ದವಾಗುತ್ತದೆ. ಹೊರಬಂದ ಮಗು ಹಸಿವಿನಿಂದ ಅಳುತ್ತಿರಬಹುದು, ಅಮ್ಮ ಕಾಣದೆ ಅಳುತ್ತಿರಬಹುದು, ಕೈಗೆ ಕಟ್ಟಿದ ಡ್ರಿಪ್ಪಿನ ಹಲಗೆ ಕಿರಿಕಿರಿಯಾಗಿ ಅಳುತ್ತಿರಬಹುದು, ಮೂತ್ರ ಕಟ್ಟಿಕೊಂಡು ಅಳುತ್ತಿರಬಹುದು. ಅನುಭವಸ್ಥ ದಾದಿಯರು ಒಂದೊಂದನ್ನೇ ತೆಗೆದುಹಾಕುತ್ತ ಹೋಗುತ್ತಾರೆ. ತಾಯಿಯನ್ನು ಒಳಗೆ ಬಿಡುತ್ತಾರೆ. ವೈದ್ಯರ ಅನುಮತಿ ಇದ್ದರೆ ಹಾಲು ಕೊಡಿಸುತ್ತಾರೆ. ಒದ್ದೆ ಬಟ್ಟೆ, ಡ್ರಿಪ್ ಹಾಕಿದ ಜಾಗದ ಊತ, ಬಿಗಿಯಾದ ಬ್ಯಾಂಡೇಜು ನೋಡುತ್ತಾರೆ. ಇಷ್ಟಾದರೂ ಅಂಕ ಇಳಿಯದಿದ್ದರೆ ನೋವು ಎಂದೇ ಹಿಡಿದು ಔಷಧ ಕೊಡುವುದು ಸರಿಯಾದ ದಾರಿ. ಅನುಮಾನ ಇದ್ದಾಗ ಮಗುವಿನ ಪರವಾಗಿ ತೀರ್ಮಾನಿಸಬೇಕು.

ಇದರೊಳಗೇ ಇನ್ನೊಂದು ತೊಡಕು ಉಂಟು. ಸೆವೊಫ್ಲೂರೇನ್‌ನಂಥ ಅರಿವಳಿಕೆ ಅನಿಲದಿಂದ ಎಚ್ಚರವಾಗುವ ಕೆಲವು ಮಕ್ಕಳು, ಅದರಲ್ಲೂ ಎರಡರಿಂದ ಐದು ವರ್ಷದವರು, ಮೊದಲ ಅರ್ಧ ಗಂಟೆ ಅರೆಪ್ರಜ್ಞೆಯಲ್ಲಿ ಒದ್ದಾಡುತ್ತಾರೆ, ಕೈಕಾಲು ಬಡಿಯುತ್ತಾರೆ, ಅಮ್ಮನನ್ನೇ ಗುರುತಿಸದೆ ದೂಡುತ್ತಾರೆ. ನೋಡಿದ ಮನೆಯವರಿಗೆ ಎದೆ ಒಡೆದುಹೋಗುತ್ತದೆ. ‘ಮಗುವಿಗೆ ಏನೋ ಆಗಿಬಿಟ್ಟಿದೆ’ ಎಂದು ಗಾಬರಿಯಾಗುವವರೇ ಹೆಚ್ಚು. ಇದು ಬಹುಮಟ್ಟಿಗೆ ತಾನಾಗಿಯೇ ಇಳಿಯುವ ಅರಿವಳಿಕೆಯ ಅಮಲು. ನೋವಿನಿಂದ ಇದನ್ನು ಬೇರ್ಪಡಿಸಿ ನೋಡಲು ದಾದಿಯರು ಕಣ್ಣಿಗೆ ಕಣ್ಣು ಸೇರಿಸಿ ಮಾತಾಡಿಸುತ್ತಾರೆ. ಅಮಲಿನಲ್ಲಿರುವ ಮಗು ಕಣ್ಣು ಕೂಡಿಸುವುದಿಲ್ಲ, ಸುತ್ತ ಏನಿದೆ ಎಂಬ ಅರಿವಿರುವುದಿಲ್ಲ, ಅದರ ಚಲನೆಗೆ ಗುರಿ ಇರುವುದಿಲ್ಲ. ನೋವಿರುವ ಮಗು ಅಮ್ಮನನ್ನು ಗುರುತಿಸುತ್ತದೆ, ನೋವಿನ ಜಾಗಕ್ಕೆ ಕೈ ಒಯ್ಯುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು, ಆದ್ದರಿಂದಲೇ ಈ ಅರ್ಧ ಗಂಟೆಯಲ್ಲಿ ಹಾಕಿದ ಒಂದೇ ಒಂದು ಅಂಕವನ್ನು ನೆಚ್ಚಿಕೊಳ್ಳಬಾರದು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಸದ್ದಿಲ್ಲದ ಮಗು. ಹೊಕ್ಕುಳ ಕೆಳಗಿನ ಆಪರೇಷನ್ ಆದ ಅನೇಕ ಮಕ್ಕಳಿಗೆ, ಖತ್ನಾ ಆದವರಿಗೂ, ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಬೆನ್ನಿನ ತುದಿಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಅದರ ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ. ಮಧ್ಯಾಹ್ನ ಆಟವಾಡುತ್ತಿದ್ದ ಮಗು ಸಂಜೆ ಇದ್ದಕ್ಕಿದ್ದಂತೆ ಹೊರಳಾಡುವುದು ಇದರಿಂದ. ಆ ಹೊತ್ತು ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿ, ಮರಗಟ್ಟುವಿಕೆ ಇಳಿಯುವುದಕ್ಕೆ ಮುಂಚೆಯೇ ಬಾಯಿಗೆ ಔಷಧ ಹಾಕಿದರೆ ಮಗು ಆ ಏಟನ್ನು ತಿನ್ನಬೇಕಾಗಿಲ್ಲ. ಮಧ್ಯಾಹ್ನದ ಸೊನ್ನೆ ಅಂಕ ನೋಡಿ ಸಂಜೆಯ ಔಷಧ ಕೈಬಿಡುವುದು ವಾರ್ಡುಗಳಲ್ಲಿ ಆಗುವ ಸಾಮಾನ್ಯ ತಪ್ಪು. ತುಂಬ ಹೊತ್ತು ನೋವು ತಿಂದ ಮಗು ಅತ್ತು ಅತ್ತು ದಣಿದು ಸುಮ್ಮನಾಗುವುದೂ ಇದೆ. ನಿದ್ದೆ ಮಾಡುತ್ತಿದೆ ಎಂದರೆ ನೋವಿಲ್ಲ ಎಂದರ್ಥವಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗಂತೂ ಅಳಲು ಶಕ್ತಿಯೇ ಇರುವುದಿಲ್ಲ. ಉಸಿರಾಟದ ನಳಿಕೆ ಹಾಕಿದ ಕೂಸು ಬಾಯಿ ತೆರೆದು ಅತ್ತರೂ ಸದ್ದು ಬರುವುದಿಲ್ಲ.

ಹೀಗಾಗಿ ನವಜಾತ ಶಿಶುಗಳಿಗೆ ಬೇರೆ ಮಾಪಕಗಳಿವೆ. 1995ರಲ್ಲಿ ಬಂದ ‘ಕ್ರೈಸ್’ ಆಪರೇಷನ್ ಆದ ಶಿಶುಗಳಿಗೆಂದೇ ಮಾಡಿದ್ದು: ಅಳು, ಆಮ್ಲಜನಕದ ಅಗತ್ಯ, ನಾಡಿ ಮತ್ತು ರಕ್ತದೊತ್ತಡದ ಏರಿಕೆ, ಮುಖಭಾವ, ನಿದ್ದೆಗೇಡು ಎಂಬ ಐದನ್ನು ಅದು ನೋಡುತ್ತದೆ. 1996ರ ‘ಪಿಪ್’ ಎಂಬ ಮಾಪಕ ಕೂಸು ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಏಕೆಂದರೆ ಎಷ್ಟು ಮುಂಚೆ ಹುಟ್ಟಿದರೆ ನೋವನ್ನು ಹೊರಗೆ ತೋರಿಸುವ ಶಕ್ತಿ ಅಷ್ಟು ಕಡಿಮೆ. ಹುಬ್ಬು ಉಬ್ಬುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮೂಗಿನ ಪಕ್ಕದಿಂದ ತುಟಿಯಂಚಿಗೆ ಇಳಿಯುವ ಗೆರೆ ಆಳವಾಗುವುದು: ಈ ಮೂರೂ ಒಟ್ಟಿಗೆ ಕಂಡರೆ ಕೂಸಿಗೆ ನೋವಿದೆ ಎನ್ನಲು ಅದೊಂದು ನಂಬಬಹುದಾದ ಗುರುತು.

ಮಾತು ಬಂದ ಮಕ್ಕಳಲ್ಲಿ ಕೇಳುವ ದಾರಿ ತೆರೆಯುತ್ತದೆ, ಆದರೆ ಕ್ರಮೇಣ. ಮೂರು ವರ್ಷದ ಮಗು ‘ನೋವಿದೆ’, ‘ಇಲ್ಲ’, ‘ತುಂಬಾ’ ಎಂದು ಹೇಳಬಲ್ಲದು. ಆರು ಮುಖಗಳ ಪಟ್ಟಿ ಮುಂದಿಟ್ಟರೆ ಮೊದಲನೆಯದನ್ನೋ ಕೊನೆಯದನ್ನೋ ತೋರಿಸಿಬಿಡುತ್ತದೆ, ನಡುವಿನ ಮೆಟ್ಟಿಲು ಅದಕ್ಕೆ ತಿಳಿಯದು. ಐದರ ಹೊತ್ತಿಗೆ ಬಹಳಷ್ಟು ಮಕ್ಕಳು ಮುಖದ ಪಟ್ಟಿಯನ್ನು ಸರಿಯಾಗಿ ಬಳಸುತ್ತಾರೆ. ಎಂಟರ ನಂತರ ಸೊನ್ನೆಯಿಂದ ಹತ್ತರವರೆಗಿನ ಸಂಖ್ಯೆಯೇ ಸಾಕು. ನಡುವಿನ ವಯಸ್ಸಿನವರಿಗೆ ಒಂದು ಸುಲಭದ ಪರೀಕ್ಷೆ ಉಂಟು: ಸಣ್ಣ ದೊಡ್ಡ ಕಾಗದದ ಚೂರುಗಳನ್ನು ಕೊಟ್ಟು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಲು ಹೇಳುವುದು. ಜೋಡಿಸಬಲ್ಲ ಮಗು ನೋವಿನ ಮಟ್ಟವನ್ನೂ ಹೇಳಬಲ್ಲದು ಎಂದು ಹಿಡಿಯಬಹುದು. ಇದನ್ನೆಲ್ಲ ಆಪರೇಷನ್ನಿಗೆ ಹಿಂದಿನ ದಿನವೇ ಆಟದ ಹಾಗೆ ಮಾಡಿಸಿಟ್ಟಿರಬೇಕು. ನೋವಿನಲ್ಲಿ ನರಳುವ ಮಗುವಿಗೆ ಹೊಸ ಪಾಠ ಹತ್ತುವುದಿಲ್ಲ.

ಮುಖದ ಪಟ್ಟಿಗಳಲ್ಲಿ ಹೆಸರಾದದ್ದು ವಾಂಗ್–ಬೇಕರ್ ಪಟ್ಟಿ. ಅಮೆರಿಕದ ಟಲ್ಸಾ ಊರಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಿಭಾಗದಲ್ಲಿ ದಾದಿ ಡೊನಾ ವಾಂಗ್ ಮತ್ತು ಮಕ್ಕಳ ಒಡನಾಟದ ಕೆಲಸ ಮಾಡುತ್ತಿದ್ದ ಕಾನಿ ಬೇಕರ್ 1980ರ ದಶಕದ ಆರಂಭದಲ್ಲಿ ಮಕ್ಕಳ ಕೈಯಿಂದಲೇ ಬರೆಸಿ ಬರೆಸಿ ಇದನ್ನು ರೂಪಿಸಿದರು. ಅದರಲ್ಲಿ ಮೊದಲ ಮುಖ ನಗುತ್ತದೆ, ಕೊನೆಯದು ಕಣ್ಣೀರಿಡುತ್ತದೆ. ತೊಡಕು ಇರುವುದು ಇಲ್ಲೇ. ನೋವಿಲ್ಲದಿದ್ದರೂ ಅಮ್ಮನಿಲ್ಲದೆ ಬೇಸರದಲ್ಲಿರುವ ಮಗು ನಗುಮುಖವನ್ನು ತೋರಿಸುವುದಿಲ್ಲ. ಕಡುನೋವಿದ್ದರೂ ‘ನಾನು ಅಳೋದಿಲ್ಲ’ ಎಂದು ಜಂಬ ಮಾಡುವ ಹುಡುಗ ಕಣ್ಣೀರಿನ ಮುಖಕ್ಕೆ ಕೈ ಹಾಕುವುದಿಲ್ಲ. 2001ರಲ್ಲಿ ಪರಿಷ್ಕರಿಸಿ ತಂದ ಇನ್ನೊಂದು ಪಟ್ಟಿಯ ಆರು ಮುಖಗಳಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಬರೀ ಹುಬ್ಬು–ಕಣ್ಣು–ಬಾಯಿಯ ಬಿಗಿ ಹೆಚ್ಚುತ್ತ ಹೋಗುತ್ತದೆ. ಆಪರೇಷನ್ ನಂತರದ ನೋವಿಗೆ ಇದೇ ವಾಸಿ. ಯಾವ ಪಟ್ಟಿಯಾದರೂ ದಾದಿ ಮಗುವಿನ ಮುಖವನ್ನು ಪಟ್ಟಿಯ ಮುಖಕ್ಕೆ ಹೋಲಿಸಿ ತಾನೇ ಅಂಕ ಹಾಕಬಾರದು. ತೋರಿಸಬೇಕಾದದ್ದು ಮಗುವಿನ ಬೆರಳು.

ಪಟ್ಟಿಗೆ ಭಾಷೆ ಬೇಡದಿದ್ದರೂ ವಿವರಿಸಲು ಬೇಕು. ಉದಯಗಿರಿಯ ಬಹಳಷ್ಟು ಮನೆಗಳ ಒಳಗಿನ ಮಾತು ದಖನಿ ಉರ್ದು, ಬೀದಿಯದು ಕನ್ನಡ. ವಾರ್ಡಿನ ಸಿಸ್ಟರ್ ಕೇರಳದವರಾಗಿದ್ದರೆ ಅವರ ಮನೆಮಾತು ಮಲಯಾಳ. ನಾಲ್ಕು ವರ್ಷದ ಮಗು ‘ದುಖ್ರಾ’ (ನೋಯುತ್ತಿದೆ) ಎಂದು ಹೇಳಿದ್ದು ಸಿಸ್ಟರ್ ಕಿವಿಗೆ ಅಳುವಿನ ತೊದಲಾಗಿ ಕೇಳಿದರೆ ಅಂಕ ತಪ್ಪುತ್ತದೆ. ಸೇರಿಸಿಕೊಳ್ಳುವಾಗಲೇ ‘ನೋವಾದರೆ ಮಗು ಮನೆಯಲ್ಲಿ ಏನು ಹೇಳುತ್ತದೆ?’ ಎಂದು ತಾಯಿಯನ್ನೋ ಅಜ್ಜಿಯನ್ನೋ ಕೇಳಿ ಆ ಮಾತನ್ನು ಕೇಸ್ ಶೀಟಿನ ಮೇಲೆ ಬರೆದಿಟ್ಟರೆ ಮೂರೂ ಪಾಳಿಯವರಿಗೆ ಅನುಕೂಲ. ಇದಕ್ಕೆ ಖರ್ಚಿಲ್ಲ, ಒಂದು ನಿಮಿಷದ ಕೆಲಸ.

ಮಾತು ಬಲ್ಲ ಮಗುವೂ ನೋವನ್ನು ಮುಚ್ಚಿಡುತ್ತದೆ. ಮುಖ್ಯ ಕಾರಣ ಸೂಜಿ. ‘ಊಟ ಮಾಡದಿದ್ರೆ ಡಾಕ್ಟ್ರಿಗೆ ಹೇಳಿ ಸೂಜಿ ಚುಚ್ಚಿಸ್ತೀನಿ’ ಎಂದು ಹೆದರಿಸದ ಮನೆ ನಮ್ಮಲ್ಲಿ ಅಪರೂಪ. ಆ ಬೆದರಿಕೆ ಕೇಳಿ ಬೆಳೆದ ಮಗುವಿಗೆ, ನೋವು ಎಂದರೆ ಸೂಜಿ ಬರುತ್ತದೆ ಎಂದು ಒಂದು ದಿನದಲ್ಲೇ ತಿಳಿದುಹೋಗುತ್ತದೆ. ಆಮೇಲೆ ಎಷ್ಟು ಕೇಳಿದರೂ ‘ಇಲ್ಲ’ ಎಂದೇ ಉತ್ತರ. ನೋವಿನ ಔಷಧವನ್ನು ತೊಡೆಗೆ ಚುಚ್ಚದೆ ಸಿರಪ್, ಗುದದ್ವಾರದಲ್ಲಿ ಇಡುವ ಮಾತ್ರೆ ಅಥವಾ ಈಗಾಗಲೇ ಹಾಕಿರುವ ಡ್ರಿಪ್ಪಿನ ಮೂಲಕ ಕೊಡಬೇಕು ಎನ್ನುವುದು ಇದರಿಂದಲೇ. ದೊಡ್ಡವರ ಕಣ್ಣೂ ನಿಷ್ಪಕ್ಷಪಾತಿಯಲ್ಲ. ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುವ ಐದು ವರ್ಷದ ಮಗುವಿನ ಒಂದೇ ವಿಡಿಯೊವನ್ನು ಕೆಲವರಿಗೆ ‘ಹುಡುಗ’ ಎಂದೂ ಕೆಲವರಿಗೆ ‘ಹುಡುಗಿ’ ಎಂದೂ ಹೇಳಿ ತೋರಿಸಿದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹುಡುಗ ಎಂದು ತಿಳಿದವರು ನೋವು ಹೆಚ್ಚು ಎಂದರು. ಹೆಣ್ಣುಮಗುವಿನ ಅಳುವಿಗೆ ಬೆಲೆ ಕಟ್ಟುವಾಗ ಇದು ನೆನಪಿನಲ್ಲಿರಬೇಕು.

ನಾಡಿಬಡಿತ, ಉಸಿರಿನ ವೇಗ, ರಕ್ತದೊತ್ತಡ ಇವೆಲ್ಲ ನೋವಿನಲ್ಲಿ ಏರುತ್ತವೆ. ಜ್ವರದಲ್ಲೂ, ಭಯದಲ್ಲೂ ನಾಡಿ ಏರುತ್ತದೆ. ಮೈಯ ನೀರು ಬತ್ತಿದಾಗ, ಒಳಗೆ ರಕ್ತ ಸೋರುವಾಗಲೂ ಏರುತ್ತದೆ. ಹೀಗಾಗಿ ಅವು ಸಾಕ್ಷಿಗೆ ಬಲ ಕೊಡಬಲ್ಲವೇ ಹೊರತು ತಾವೇ ತೀರ್ಪು ಕೊಡಲಾರವು. ನಾಡಿ ಸಹಜವಾಗಿದೆ, ಆದ್ದರಿಂದ ನೋವಿಲ್ಲ ಎಂಬ ವಾದವಂತೂ ನಿಲ್ಲುವುದೇ ಇಲ್ಲ.

ನೋವಿನ ಅಂಕ ಔಷಧಕ್ಕಷ್ಟೇ ದಾರಿ ತೋರಿಸುವುದಿಲ್ಲ. ಕೆಲವೊಮ್ಮೆ ಅಪಾಯದ ಮೊದಲ ಸೂಚನೆಯೂ ಅದೇ. ಮೊಣಕೈ ಮೇಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ ಮಗುವಿಗೆ ಹೊತ್ತು ಕಳೆದಂತೆ ನೋವು ಇಳಿಯಬೇಕು. ಇಳಿಯದೆ ಚಡಪಡಿಕೆ ಹೆಚ್ಚಿ, ಹೆಚ್ಚು ಹೆಚ್ಚು ಔಷಧ ಬೇಕಾಗುತ್ತಿದ್ದರೆ ತೋಳಿನ ಸ್ನಾಯುಗಳೊಳಗೆ ಒತ್ತಡ ಏರಿ ರಕ್ತಸಂಚಾರ ಕಟ್ಟುತ್ತಿರಬಹುದು. ಕೆಲವೇ ಗಂಟೆಗಳಲ್ಲಿ ಬಿಡಿಸದಿದ್ದರೆ ಕೈ ಶಾಶ್ವತವಾಗಿ ಊನವಾಗಬಹುದು. ಇಂಥ ಮಗುವಿಗೆ ಔಷಧದ ಪ್ರಮಾಣ ಏರಿಸಿ ಮಲಗಿಸುವುದಲ್ಲ, ವೈದ್ಯರನ್ನು ಎಬ್ಬಿಸಿ ಕರೆಸುವುದು ದಾದಿಯ ಕೆಲಸ. ಟಾನ್ಸಿಲ್ ತೆಗೆಸಿದ ಮಗುವಿನಲ್ಲಿ ಗಮನ ಬೇರೆಡೆ ಇರಬೇಕು: ಅಳದೆ ಮಲಗಿ ಮತ್ತೆ ಮತ್ತೆ ಗುಟುಕು ನುಂಗುತ್ತಿದ್ದರೆ ಅದು ಆರಾಮವಲ್ಲ, ಗಂಟಲಲ್ಲಿ ಸೋರುವ ರಕ್ತವನ್ನು ನುಂಗುತ್ತಿರಬಹುದು.

ಅಂಕ ಬರೆದು, ಔಷಧ ಕೊಟ್ಟು ಮುಗಿಯಲಿಲ್ಲ. ಡ್ರಿಪ್ಪಿನ ಮೂಲಕ ಕೊಟ್ಟದ್ದಾದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೆ, ಬಾಯಿಗೆ ಹಾಕಿದ್ದಾದರೆ ಸುಮಾರು ಒಂದು ಗಂಟೆಗೆ ಮತ್ತೆ ಬಂದು ಅಂಕ ಹಾಕಬೇಕು. ಆರು ಇದ್ದದ್ದು ಎರಡಕ್ಕೆ ಇಳಿಯಿತೇ? ಐದಕ್ಕೇ ನಿಂತಿತೇ? ಈ ಎರಡನೆಯ ಅಂಕವಿಲ್ಲದ ಮೊದಲನೆಯದು ಕಾಗದ ತುಂಬಿಸಿದ್ದಷ್ಟೇ. ಭಾರತದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾನದಂಡಗಳಲ್ಲಿ ರೋಗಿಯ ನೋವನ್ನು ಗುರುತಿಸಿ ನಿಭಾಯಿಸುವ ಅಂಶ ಸೇರಿದೆ. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಸಾಲುಸಾಲು ಹಾಸಿಗೆ ನೋಡುವ ವಾರ್ಡಿನಲ್ಲಿ ಮೊದಲು ಬಿಟ್ಟುಹೋಗುವುದು ಈ ಮರುಪರೀಕ್ಷೆಯೇ. ಇದು ದಾದಿಯರ ಸೋಮಾರಿತನವಲ್ಲ, ಕೈ ಸಾಲದ ವ್ಯವಸ್ಥೆಯ ಕೊರತೆ.

ಮಾರ್ಫಿನ್, ಫೆಂಟನಿಲ್‌ನಂಥ ಔಷಧ ಕೊಟ್ಟ ಮಗುವಿನಲ್ಲಿ ನೋವಿನ ಅಂಕದ ಪಕ್ಕದಲ್ಲೇ ಉಸಿರಿನ ಎಣಿಕೆ ಮತ್ತು ಮಂಪರಿನ ಮಟ್ಟವನ್ನೂ ಬರೆಯಬೇಕು. ಮಾತಾಡಿಸಿದರೆ ಕಣ್ಣು ಬಿಡದ ಮಗುವಿನ ಸೊನ್ನೆ ಅಂಕ ಸಂತೋಷದ ವಿಷಯವಲ್ಲ. ಅಂಕದ ಬೆನ್ನು ಹತ್ತುವುದಕ್ಕೂ ಮಿತಿ ಇದೆ ಎಂಬ ಪಾಠ ಅಮೆರಿಕದಿಂದ ಬಂದಿದೆ. ನಾಡಿ, ಜ್ವರ, ಉಸಿರು, ರಕ್ತದೊತ್ತಡದ ಜೊತೆ ನೋವನ್ನು ಐದನೆಯ ಜೀವಲಕ್ಷಣವೆಂದು ಎಣಿಸಬೇಕು ಎಂದು 1990ರ ದಶಕದಲ್ಲಿ ಅಲ್ಲಿ ದೊಡ್ಡ ಪ್ರಚಾರ ನಡೆಯಿತು. ಅಂಕ ಸೊನ್ನೆಗೆ ಇಳಿಸುವ ಆತುರದಲ್ಲಿ ಅಫೀಮು ವರ್ಗದ ಔಷಧಗಳ ಬಳಕೆ ಏರಲು ಅದೂ ಕಾರಣ ಎಂಬ ಟೀಕೆ ಬಂದು, 2016ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಆ ಪರಿಪಾಠ ಕೈಬಿಡಬೇಕೆಂದಿತು. ನಮ್ಮಲ್ಲಿರುವ ಸಮಸ್ಯೆ ಬಹಳ ಕಡೆ ಇದಕ್ಕೆ ಉಲ್ಟಾ: ಮಕ್ಕಳಿಗೆ ಔಷಧ ಹೆಚ್ಚಾಗುವುದಕ್ಕಿಂತ ಸಾಲದೇ ಹೋಗುವುದು. ಗುರಿ ಇರಬೇಕಾದದ್ದು ಸೊನ್ನೆಯ ಮೇಲಲ್ಲ. ಮಗು ಉಣ್ಣಬೇಕು, ಮಲಗಬೇಕು, ಕೆಮ್ಮಬೇಕು, ಎದ್ದು ಕೂರಬೇಕು.

ಬುದ್ಧಿಮಾಂದ್ಯ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ವಿಷಯ ಬೇರೆಯೇ. ಮೈ ಸೆಟೆತ, ಕೈಕಾಲಿನ ತಿರುಚಾಟ ಅವರಲ್ಲಿ ನಿತ್ಯದ್ದು. ಸಾಮಾನ್ಯ ಪಟ್ಟಿ ಹಿಡಿದರೆ ನೋವಿಲ್ಲದಾಗಲೂ ಅಂಕ ಏರುತ್ತದೆ. ಕೆಲವರು ನೋವಾದಾಗ ನಗುತ್ತಾರೆ, ಕೆಲವರು ಉಸಿರು ಹಿಡಿಯುತ್ತಾರೆ. 2006ರಲ್ಲಿ ಫ್ಲಾಕ್ ಪಟ್ಟಿಯನ್ನು ಇವರಿಗಾಗಿ ಪರಿಷ್ಕರಿಸಿದಾಗ, ಆ ಮಗುವಿಗೇ ವಿಶೇಷವಾದ ನೋವಿನ ಗುರುತುಗಳನ್ನು ತಂದೆ–ತಾಯಿಯಿಂದ ಕೇಳಿ ಪಟ್ಟಿಯಲ್ಲಿ ಬರೆಯಲು ಜಾಗ ಕೊಟ್ಟರು. ಇಲ್ಲಿ ದಾದಿಗಿಂತ ತಾಯಿ ದೊಡ್ಡ ತಜ್ಞೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗಲೂ, ಹೇಳಿಕೊಳ್ಳಲಾರದವರಿಗೆ ನೋವಿಲ್ಲ ಎಂದುಕೊಳ್ಳಬಾರದೆಂದು ಅದರ ಟಿಪ್ಪಣಿಯಲ್ಲಿ ಸೇರಿಸಿತು.

ಹರ್ನಿಯಾ, ಖತ್ನಾದಂಥ ಆಪರೇಷನ್ನುಗಳಾದ ಮಕ್ಕಳು ಅದೇ ದಿನ ಮನೆಗೆ ಹೋಗುತ್ತಾರೆ. ಅಲ್ಲಿಂದ ಮುಂದೆ ಅಂಕ ಹಾಕಬೇಕಾದವರು ಮನೆಯವರು. ಅವರಿಗೆಂದೇ 1996ರಲ್ಲಿ ಕೆನಡಾದಲ್ಲಿ ಹದಿನೈದು ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಮಗು ಎಂದಿಗಿಂತ ಕಡಿಮೆ ಆಡುತ್ತಿದೆಯೇ, ಕಡಿಮೆ ತಿನ್ನುತ್ತಿದೆಯೇ, ಗಾಯದ ಜಾಗ ಹಿಡಿದುಕೊಳ್ಳುತ್ತಿದೆಯೇ, ಮುಟ್ಟಬೇಡ ಎನ್ನುತ್ತಿದೆಯೇ, ಎಂದಿಗಿಂತ ಹೆಚ್ಚು ಅಂಟಿಕೊಳ್ಳುತ್ತಿದೆಯೇ ಎಂಬಂಥ ಪ್ರಶ್ನೆಗಳು. ಆರು ಅಥವಾ ಹೆಚ್ಚಿನವಕ್ಕೆ ‘ಹೌದು’ ಎಂದಾದರೆ ಔಷಧ ಬೇಕಾಗುವಷ್ಟು ನೋವಿದೆ ಎಂದು ಅರ್ಥ. ಟಾನ್ಸಿಲ್ ಆಪರೇಷನ್ನಿನ ನೋವು ಒಂದು ವಾರಕ್ಕೂ ಹೆಚ್ಚು ಇರಬಹುದು. ಕಿವಿ ನೋವು ಎಂದು ಮಗು ಹೇಳಿದರೂ ಮೂಲ ಗಂಟಲಿನಲ್ಲೇ ಇರುವುದುಂಟು.

ಮನೆಯಲ್ಲಿ ಆಗುವ ದೊಡ್ಡ ಎಡವಟ್ಟು ಚಮಚದ ಲೆಕ್ಕದ್ದು. ಪ್ಯಾರಾಸಿಟಮಾಲ್ ಸಿರಪ್ ನಮ್ಮ ಅಂಗಡಿಗಳಲ್ಲಿ ಎರಡು ಬಲದಲ್ಲಿ ಸಿಗುತ್ತದೆ: ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವುದು, 250 ಇರುವುದು. ಹನಿಗಳ ಬಾಟಲಿಯ ಬಲ ಇನ್ನೂ ಹೆಚ್ಚು. ಮಗುವಿನ ತೂಕದ ಒಂದು ಕಿಲೋಗೆ 15 ಮಿಲಿಗ್ರಾಂ ಎಂಬ ಸಾಮಾನ್ಯ ಲೆಕ್ಕದಲ್ಲಿ ಹತ್ತು ಕಿಲೋದ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ ಬೇಕು. ಮೊದಲ ಸಿರಪ್‌ನಲ್ಲಿ ಅದು ಆರು ಮಿಲಿಲೀಟರ್, ಎರಡನೆಯದರಲ್ಲಿ ಮೂರು. ‘ಒಂದು ಚಮಚ ಹಾಕಿ’ ಎಂಬ ಬಾಯಿಮಾತು ನಂಬಿ ಮನೆಯ ಚಮಚ ಹಿಡಿದರೆ ಒಂದು ಬಾಟಲಿಯಲ್ಲಿ ಔಷಧ ಸಾಲದೆ ಮಗು ನರಳುತ್ತದೆ, ಇನ್ನೊಂದರಲ್ಲಿ ಮಿತಿ ಮೀರುತ್ತದೆ. ಆದ್ದರಿಂದ ಬಿಡುಗಡೆಯ ಚೀಟಿ ಕೈಗೆ ಬರುವ ಮುಂಚೆ ಸಿಸ್ಟರ್ ಹತ್ತಿರ ಮೂರು ಸಂಗತಿ ಕೇಳಿ ಬರೆಸಿಕೊಳ್ಳಬೇಕು: ಯಾವ ಬಲದ ಸಿರಪ್, ಒಂದು ಸಲಕ್ಕೆ ಎಷ್ಟು ಮಿಲಿಲೀಟರ್ ಮತ್ತು ಎಷ್ಟು ಗಂಟೆಗೊಮ್ಮೆ, ನೋವು ಇಳಿಯದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಅಳೆಯಲು ಸೂಜಿಯಿಲ್ಲದ ಸಿರಿಂಜ್ ಒಂದನ್ನೂ ಕೇಳಿ ಪಡೆಯಬೇಕು.